ಅಮ್ಮನಿಗೂ ಚಿಕ್ಕಮ್ಮನಿಗೂ ಎದೆ ಕ್ಯಾನ್ಸರ್: ಜೀನ್ ಟೆಸ್ಟ್ ಮೊದಲು ಯಾರಿಗೆ?

ಪ್ರಶ್ನೆ: ಮೇಡಂ, ನಮ್ಮ ತವರು ಚಳ್ಳಕೆರೆ ಹತ್ತಿರದ ಹಳ್ಳಿ. ಮದುವೆಯಾದ ಮೇಲೆ ದಾವಣಗೆರೆಯಲ್ಲಿದ್ದೇನೆ. ನನಗೆ 31 ವರ್ಷ. ಅಮ್ಮನಿಗೆ 44ನೇ ವಯಸ್ಸಿನಲ್ಲಿ ಎದೆ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕಿಮೋ ಎಲ್ಲ ಆಗಿ ಈಗ ಚೆನ್ನಾಗಿದ್ದಾರೆ. ಚಿಕ್ಕಮ್ಮ ಇದೇ ಕಾಯಿಲೆಯಿಂದ 39ಕ್ಕೇ ತೀರಿಕೊಂಡರು. ಅಜ್ಜಿ ಹೊಟ್ಟೆಯಲ್ಲಿ ನೀರು ತುಂಬಿ ಹೋದರು. ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದಾರೆ. 6 ವರ್ಷದ ಮಗಳಿದ್ದಾಳೆ. ಡಾಕ್ಟರು ಜೀನ್ ಟೆಸ್ಟ್ ಮಾಡಿಸಿ ಅಂದಿದ್ದಾರೆ. ಮನೆಯಲ್ಲಿ ಕೆಲವರು ಬೋರ್ ನೀರಿನಿಂದ ಬಂತು ಅಂತಾರೆ, ಕೆಲವರು ಶಾಪ ಅಂತಾರೆ. ಈ ಜೀನನ್ನು ಹೇಗೆ ಹುಡುಕಿದರು? ಟೆಸ್ಟನ್ನು ನಂಬಬಹುದಾ? ತಂಗಿಗೆ ಗಂಡು ನೋಡುತ್ತಿದ್ದಾರೆ, ಅವಳಿಗೆ ಹೇಳಬೇಕಾ? ಮಗಳಿಗೂ ಟೆಸ್ಟ್ ಮಾಡಿಸಬೇಕಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಟೆಸ್ಟ್ ಮಾಡಿಸಿ. ಆದರೆ ಮೊದಲು ನಿಮಗಲ್ಲ, ನಿಮ್ಮ ಅಮ್ಮನಿಗೆ. ಅಮ್ಮನ ರಿಪೋರ್ಟ್ ಬಂದ ಮೇಲೆ ನಿಮಗೆ, ತಂಗಿಗೆ, ಜೊತೆಗೆ ನಿಮ್ಮ ಯಜಮಾನರಿಗೆ. ಯಜಮಾನರಿಗೆ ಯಾಕೆ ಅಂತ ಕೇಳುತ್ತೀರಿ ಅಲ್ವಾ? ಅವರು ನಿಮ್ಮ ಅಮ್ಮನ ತಮ್ಮ, ಅದೇ ಅಜ್ಜಿಯ ಮಗ. ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತಿದ್ದು ಆ ಸಾಲಿನ ಮೇಲೆ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಎಷ್ಟು ಮಾಮೂಲು ಅಂದ್ರೆ ನೀವು ಅದನ್ನು ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ನಿಮ್ಮ ವಿಷಯದಲ್ಲಿ ಅದು ಬಹಳ ಮುಖ್ಯ. ಅಲ್ಲಿಗೆ ಆಮೇಲೆ ಬರುತ್ತೇನೆ.

ಶಾಪದ ಮಾತು ಬಿಟ್ಟುಬಿಡಿ. ಯಾರ ತಪ್ಪಿನಿಂದಲೂ ಬಂದಿದ್ದಲ್ಲ ಇದು. ಅಮ್ಮನ ಎದುರು ಯಾರಾದರೂ ಆ ಮಾತು ಎತ್ತಿದರೆ ಅಲ್ಲೇ ತಡೆಯಿರಿ. ಕಿಮೋ ತಗೊಂಡು ಎದ್ದು ಬಂದ ಹೆಂಗಸಿನ ತಲೆಗೆ ಇದನ್ನೂ ಕಟ್ಟುವುದು ಬೇಡ. ಬೋರ್ ನೀರಿನ ಮಾತು ಬೇರೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ನಿಜ. ಅದರಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ, ಕೀಲು ಹಿಡಿದುಕೊಳ್ಳುತ್ತೆ, ಮೂಳೆ ಕೆಡುತ್ತೆ. ಆದರೆ ಊರೆಲ್ಲ ಕುಡಿದ ನೀರು ಒಂದೇ ಮನೆಯ ಅಜ್ಜಿಯನ್ನು, ಅವರ ಇಬ್ಬರು ಹೆಣ್ಣುಮಕ್ಕಳನ್ನು ಹೀಗೆ ಆರಿಸಿ ಹಿಡಿಯುವುದಿಲ್ಲ.

ಎದೆ ಕ್ಯಾನ್ಸರ್ ಅಂದ ಕೂಡಲೇ ಅದು ವಂಶದ್ದು ಅಂತ ಹೆದರಬೇಕಾಗಿಲ್ಲ. ನೂರು ಜನಕ್ಕೆ ಬಂದರೆ ಅದರಲ್ಲಿ 5ರಿಂದ 10 ಜನಕ್ಕೆ ಮಾತ್ರ ಹುಟ್ಟಿನಿಂದ ಬಂದ ಜೀನ್ ಕಾರಣ. ಉಳಿದವರಿಗೆ ವಯಸ್ಸು, ಹಾರ್ಮೋನು, ತೂಕ ಹೀಗೆ ಹಲವು ಸೇರಿ ಬರುತ್ತೆ. ದೊಡ್ಡಮ್ಮ ಒಬ್ಬರಿಗೆ 68ರಲ್ಲಿ ಬಂತು ಅಂತ ಓಡಿ ಬಂದವರನ್ನು ನಾನು ಸಮಾಧಾನ ಮಾಡಿ ಕಳಿಸುತ್ತೇನೆ. ನಿಮ್ಮ ಮನೆ ಹಾಗಲ್ಲ. ಇಬ್ಬರು ಅಕ್ಕತಂಗಿಯರು, ಇಬ್ಬರಿಗೂ 50ರ ಒಳಗೆ. ಮೇಲಾಗಿ ಅಜ್ಜಿಯ ಹೊಟ್ಟೆ.

ಅಜ್ಜಿಯ ವಿಷಯ ಹಿರಿಯರ ಹತ್ತಿರ ಇನ್ನೊಂದು ಸಲ ಕೂತು ಕೇಳಿ. ಹೊಟ್ಟೆಯಲ್ಲಿ ನೀರು ತುಂಬುವುದು ಲಿವರ್ ಕೆಟ್ಟರೂ ಆಗುತ್ತೆ, ಟಿಬಿಯಲ್ಲೂ ಆಗುತ್ತೆ, ಅಂಡಾಶಯದ ಕ್ಯಾನ್ಸರ್‌ನಲ್ಲೂ ಆಗುತ್ತೆ. ಆಗ ಅವರಿಗೆ ಎಷ್ಟು ವಯಸ್ಸು, ಕಣ್ಣು ಹಳದಿಯಾಗಿತ್ತಾ, ನೀರನ್ನು ಸೂಜಿ ಹಾಕಿ ತೆಗೆಸಿದ್ದರಾ, ತೆಗೆಸಿದ ಮೇಲೆ ಎಷ್ಟು ದಿನಕ್ಕೆ ಮತ್ತೆ ತುಂಬಿತು, ಯಾವ ಆಸ್ಪತ್ರೆ, ಇದನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಅಜ್ಜಿಯರು ಅಂಡಾಶಯದ ಕ್ಯಾನ್ಸರ್‌ನಿಂದ ಹೋದರು, ಮನೆಯವರಿಗೆ ಇವತ್ತಿಗೂ ಅದು ಬರೀ ‘ಹೊಟ್ಟೆ ನೀರು’. ಎದೆ ಕ್ಯಾನ್ಸರ್ ಮತ್ತು ಅಂಡಾಶಯದ ಕ್ಯಾನ್ಸರ್ ಒಂದೇ ಮನೆಯಲ್ಲಿ ಕಾಣಿಸಿದರೆ ನಮಗೆ ಮೊದಲು ಅನುಮಾನ ಬರುವುದು ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನುವ ಎರಡು ಜೀನುಗಳ ಮೇಲೆ.

ಈಗ ಅವನ್ನು ಹುಡುಕಿದ್ದು ಹೇಗೆ ಅನ್ನುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದು ಅರ್ಥವಾದರೆ ಅಮ್ಮನಿಗೇ ಯಾಕೆ ಮೊದಲು ಅನ್ನುವುದೂ ಅರ್ಥವಾಗುತ್ತೆ.

ಮನೆತನದಲ್ಲಿ ಓಡುವ ಕ್ಯಾನ್ಸರ್ ಹೊಸ ವಿಷಯವೇನಲ್ಲ. ಫ್ರಾನ್ಸಿನ ಪಾಲ್ ಬ್ರೋಕಾ ಅನ್ನುವ ಸರ್ಜನ್ ತಮ್ಮ ಹೆಂಡತಿಯ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಎದೆ ಕ್ಯಾನ್ಸರ್ ಬಂದಿದ್ದನ್ನು 1866ರಲ್ಲೇ ಬರೆದಿಟ್ಟಿದ್ದರು. ಆದರೆ ಒಂದು ಮನೆಯವರು ಒಂದೇ ಊಟ ಮಾಡುತ್ತಾರೆ, ಒಂದೇ ನೀರು ಕುಡಿಯುತ್ತಾರೆ. ಕಾಯಿಲೆ ರಕ್ತದಲ್ಲಿ ಬಂತಾ, ಬದುಕುವ ರೀತಿಯಿಂದ ಬಂತಾ ಅಂತ ಬೇರೆ ಮಾಡುವುದು ಹೇಗೆ? ಅಮೆರಿಕದ ಮೇರಿ-ಕ್ಲೇರ್ ಕಿಂಗ್ ಅನ್ನುವ ವಿಜ್ಞಾನಿ 1970ರ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಈ ಕೆಲಸಕ್ಕೆ ಕೈ ಹಾಕಿದರು. ಇಷ್ಟು ಜನಕ್ಕೆ ಬರುವ, ಇಷ್ಟು ಕಾರಣಗಳಿರುವ ಕಾಯಿಲೆಗೆ ಒಂದು ಜೀನ್ ಹುಡುಕಲು ಹೋಗುವುದೇ ದಂಡ ಅಂತ ಆಗ ಬಹಳ ಜನ ಅಂದುಕೊಂಡಿದ್ದರು.

ಕಿಂಗ್ ಮತ್ತು ಅವರ ಜೊತೆಯವರು ಮೊದಲು ಜೀನಿನ ತಂಟೆಗೆ ಹೋಗಲಿಲ್ಲ, ಲೆಕ್ಕ ಹಾಕಿದರು. 55 ವರ್ಷದೊಳಗೆ ಎದೆ ಕ್ಯಾನ್ಸರ್ ಆದ 1579 ಹೆಂಗಸರ ತಾಯಿ, ಅಕ್ಕತಂಗಿಯರ ವಿವರ ತಗೊಂಡು, ಕಾಯಿಲೆ ಯಾವ ರೀತಿ ಇಳಿದು ಬಂದಿದ್ದರೆ ಈ ಚಿತ್ರಕ್ಕೆ ಹೊಂದುತ್ತೆ ಅಂತ ನೋಡಿದರು. 1988ರಲ್ಲಿ ಬಂದ ಉತ್ತರ ಇದು: ಬಹುಪಾಲು ಮನೆಗಳಲ್ಲಿ ವಂಶದ ಕೈವಾಡ ಕಾಣುವುದಿಲ್ಲ, ಆದರೆ ನೂರಕ್ಕೆ ಸುಮಾರು 4 ಮನೆಗಳಲ್ಲಿ ಒಂದೇ ಒಂದು ಬಲವಾದ ಜೀನ್ ಇಳಿದು ಬರುತ್ತಿದೆ ಅಂದರೆ ಮಾತ್ರ ಲೆಕ್ಕ ಸರಿಹೋಗುತ್ತೆ.

ಸರಿ, ಇದೆ ಅಂತಾಯಿತು. ಎಲ್ಲಿದೆ? ನಮ್ಮ ಪ್ರತಿ ಜೀವಕೋಶದಲ್ಲಿ 23 ಜೊತೆ ಕ್ರೋಮೋಸೋಮ್, ಅಂದ್ರೆ ಜೀನುಗಳನ್ನು ಹೊತ್ತ ಎಳೆಗಳು, ಇವೆ. ಜೊತೆಯಲ್ಲಿ ಒಂದು ಅಮ್ಮನದು, ಒಂದು ಅಪ್ಪನದು. ಇವತ್ತಿನ ಹಾಗೆ ಜೀನನ್ನು ಅಕ್ಷರ ಅಕ್ಷರವಾಗಿ ಓದಿಬಿಡುವ ಮಷೀನ್ ಆಗ ಇರಲಿಲ್ಲ. ಇದ್ದಿದ್ದು ಕೆಲವು ಗುರುತುಗಳು. ಕ್ರೋಮೋಸೋಮಿನ ಇಂಥ ಜಾಗದಲ್ಲಿ ಒಬ್ಬರಿಗೊಂದು ತರಹ ಇರುತ್ತೆ ಅನ್ನುವಷ್ಟು ಮಾತ್ರ ಗೊತ್ತಿತ್ತು. ಜಮೀನಿನ ಬಾಂದುಕಲ್ಲು ಇದ್ದ ಹಾಗೆ ಅದು. ಕಲ್ಲಿಗೂ ಬೆಳೆಗೂ ಸಂಬಂಧ ಇಲ್ಲ, ಆದರೆ ಹೊಲ ಎಲ್ಲಿದೆ ಅಂತ ಹೇಳುತ್ತೆ. ಒಂದು ಮನೆಯಲ್ಲಿ ಕ್ಯಾನ್ಸರ್ ಆದ ಅಕ್ಕತಂಗಿಯರಿಗೆಲ್ಲ ತಾಯಿಯಿಂದ ಒಂದೇ ಗುರುತು ಬಂದಿದ್ದರೆ, ಆರೋಗ್ಯವಾಗಿರುವವರಿಗೆ ಅದು ಬರದೇ ಇದ್ದರೆ, ಕೆಟ್ಟ ಜೀನ್ ಆ ಗುರುತಿನ ಅಕ್ಕಪಕ್ಕದಲ್ಲೇ ಇರಬಹುದು. ಒಂದು ಮನೆಯಲ್ಲಾದರೆ ಕಾಕತಾಳೀಯ ಅನ್ನಬಹುದು. ಮನೆಯಿಂದ ಮನೆಗೆ ಹಾಗೇ ಆಗುತ್ತಾ ಹೋದರೆ ಅನ್ನಲಾಗುವುದಿಲ್ಲ.

ಹುಡುಕಾಟ ತೊಡಕಿಗೆ ಸಿಕ್ಕಿದ್ದು ಇನ್ನೊಂದು ಕಡೆ. ಜೀನ್ ಇರುವ ಮನೆಯಲ್ಲೂ ಆ ಜೀನ್ ಬಾರದ ಒಬ್ಬ ಅತ್ತೆಗೋ ದೊಡ್ಡಮ್ಮನಿಗೋ 70ರಲ್ಲಿ ಮಾಮೂಲಿ ಎದೆ ಕ್ಯಾನ್ಸರ್ ಬಂದಿರುತ್ತೆ. ಅವರನ್ನೂ ಸೇರಿಸಿದರೆ ಲೆಕ್ಕವೆಲ್ಲ ಕಲಸಿಹೋಗುತ್ತೆ. ಕಿಂಗ್ ತಂಡದ ಕೈಯಲ್ಲಿ 23 ದೊಡ್ಡ ಕುಟುಂಬಗಳಿದ್ದವು, ಅವುಗಳಲ್ಲಿ 146 ಎದೆ ಕ್ಯಾನ್ಸರ್. ಎಷ್ಟನೇ ವಯಸ್ಸಿಗೆ ಕಾಯಿಲೆ ಬಂತು ಅನ್ನುವುದರ ಮೇಲೆ ಆ ಕುಟುಂಬಗಳನ್ನು ಸಾಲಾಗಿ ಜೋಡಿಸಿದಾಗ ತಿಳಿಯಾಯಿತು. ಚಿಕ್ಕ ವಯಸ್ಸಿಗೆ ಬಂದ ಕುಟುಂಬಗಳಲ್ಲಿ 17ನೇ ಕ್ರೋಮೋಸೋಮಿನ ಒಂದು ಗುರುತು ಕಾಯಿಲೆಯ ಜೊತೆಜೊತೆಗೇ ಇಳಿದು ಬರುತ್ತಿತ್ತು, ತಡವಾಗಿ ಬಂದ ಕುಟುಂಬಗಳಲ್ಲಿ ಹಾಗಿರಲಿಲ್ಲ. ಇದನ್ನು ಅಳೆಯುವ ಲೆಕ್ಕಕ್ಕೆ ಲಾಡ್ ಸ್ಕೋರ್ ಅಂತಾರೆ. 3 ಬಂತು ಅಂದ್ರೆ ‘ಸಂಬಂಧ ಇಲ್ಲ’ ಅನ್ನುವುದಕ್ಕಿಂತ ‘ಇದೆ’ ಅನ್ನುವುದು ಸಾವಿರ ಪಟ್ಟು ಚೆನ್ನಾಗಿ ಹೊಂದುತ್ತೆ ಅಂತ. ಇವರಿಗೆ ಬಂದಿದ್ದು 5.98, ಹತ್ತಿರ ಹತ್ತಿರ 10 ಲಕ್ಷ ಪಟ್ಟು. 1990ರ ಡಿಸೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ನಾವು ಇವತ್ತಿಗೂ ಎಲ್ಲಕ್ಕಿಂತ ಮೊದಲು ‘ಎಷ್ಟನೇ ವಯಸ್ಸಲ್ಲಿ ಬಂತು’ ಅಂತ ಕೇಳುವುದು ಅದಕ್ಕೇ. ನಿಮ್ಮ ಪ್ರಶ್ನೆಯಲ್ಲಿ 44, 39 ಅಂತ ಬರೆದಿದ್ದೀರಲ್ಲ, ಅಷ್ಟರಿಂದಲೇ ನನಗೆ ಅರ್ಧ ಕೆಲಸ ಆಯಿತು.

ಆಮೇಲೆ ಹಲವು ಲ್ಯಾಬ್‌ಗಳ ನಡುವೆ ಪೈಪೋಟಿ. ಜೀನ್ ಕೈಗೆ ಸಿಕ್ಕಿದ್ದು 1994ರಲ್ಲಿ, ಅಮೆರಿಕದ ಯೂಟಾದಲ್ಲಿ ಮಾರ್ಕ್ ಸ್ಕೋಲ್ನಿಕ್ ಅವರ ತಂಡಕ್ಕೆ. ಅದೇ ಬಿಆರ್‌ಸಿಎ1. ಆದರೆ ಕೆಲವು ಕುಟುಂಬಗಳಲ್ಲಿ 17ನೇ ಕ್ರೋಮೋಸೋಮಿಗೂ ಕಾಯಿಲೆಗೂ ತಾಳೆಯಾಗುತ್ತಲೇ ಇರಲಿಲ್ಲ. ಗಂಡಸರಿಗೂ ಎದೆ ಕ್ಯಾನ್ಸರ್ ಬಂದ ಕುಟುಂಬಗಳು ಅದರಲ್ಲಿ ಇದ್ದವು. ಇಂಗ್ಲೆಂಡಿನ ಮೈಕೆಲ್ ಸ್ಟ್ರಾಟನ್ ಅವರ ತಂಡ ಅಂಥ ಕುಟುಂಬಗಳನ್ನು ಹಿಡಿದು 13ನೇ ಕ್ರೋಮೋಸೋಮಿಗೆ ಹೋಯಿತು, 1995ರಲ್ಲಿ ಬಿಆರ್‌ಸಿಎ2 ಸಿಕ್ಕಿತು. ಅಮೆರಿಕದಲ್ಲಿ ಈ ಜೀನುಗಳ ಮೇಲೆ ಒಂದು ಕಂಪನಿ ಪೇಟೆಂಟ್ ಹಿಡಿದು ಕೂತಿತ್ತು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಪ್ರಕೃತಿಯಲ್ಲಿ ಇರುವ ಡಿಎನ್‌ಎಗೆ ಪೇಟೆಂಟ್ ಇಲ್ಲ ಅಂದಿತು. ಆ ತೀರ್ಪು ನನಗೆ ಇವತ್ತಿಗೂ ಖುಷಿ ಕೊಡುತ್ತೆ, ಯಾಕಂದ್ರೆ ಈ ಹುಡುಕಾಟಕ್ಕೆ ರಕ್ತ ಕೊಟ್ಟವರು ನಿಮ್ಮಂಥ ಮನೆಗಳ ಹೆಂಗಸರು.

ಈ ಜೀನುಗಳು ಕ್ಯಾನ್ಸರ್ ತರುವ ಜೀನುಗಳಲ್ಲ. ಎಲ್ಲರಲ್ಲೂ ಇವೆ, ನನ್ನಲ್ಲೂ ಇವೆ. ಜೀವಕೋಶದ ಒಳಗೆ ಡಿಎನ್‌ಎ ಎಳೆ ದಿನಾ ಅಲ್ಲಲ್ಲಿ ತುಂಡಾಗುತ್ತಿರುತ್ತೆ, ಅದನ್ನು ಸರಿಯಾಗಿ ಜೋಡಿಸುವುದು ಇವುಗಳ ಕೆಲಸ. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಪ್ರತಿ ಕೆಲಸ ನಡೆಸಿಕೊಂಡು ಹೋಗುತ್ತೆ. ಎಂದೋ ಒಂದು ದಿನ ಎದೆಯ ಅಥವಾ ಅಂಡಾಶಯದ ಯಾವುದೋ ಒಂದು ಕೋಶದಲ್ಲಿ ಆ ಎರಡನೆಯದೂ ಹೋದರೆ ಅಲ್ಲಿಂದ ತಪ್ಪುಗಳು ಗುಡ್ಡೆಯಾಗಲು ಶುರು. ಒಂದು ಪ್ರತಿ ಕೆಟ್ಟವರಿಗೆಲ್ಲ (ನಾವು ‘ಜೀನ್ ಇದೆ’ ಅನ್ನುವುದು ಇಂಥವರಿಗೇ) ಕ್ಯಾನ್ಸರ್ ಬರುವುದಿಲ್ಲ, ಬಂದರೆ ಬೇಗ ಬರುತ್ತೆ ಅನ್ನುವುದು ಇದರಿಂದ.

ಈಗ ಅಮ್ಮನಿಗೇ ಯಾಕೆ ಮೊದಲು ಅನ್ನುವುದು. ಈ ಎರಡು ಜೀನುಗಳಲ್ಲಿ ಇದುವರೆಗೆ ಸಾವಿರಾರು ಬಗೆಯ ತಪ್ಪುಗಳು ಸಿಕ್ಕಿವೆ. ಒಂದೊಂದು ಮನೆತನದ್ದು ಒಂದೊಂದು. ಕಾಯಿಲೆ ಬಂದಿರುವ ಅಮ್ಮನ ರಕ್ತದಲ್ಲಿ ಹುಡುಕಿದರೆ ತಪ್ಪು ಸಿಗುವ ಸಾಧ್ಯತೆ ಜಾಸ್ತಿ. ಸಿಕ್ಕಿದ ಮೇಲೆ ನಿಮ್ಮಲ್ಲಿ ಆ ಒಂದೇ ಜಾಗ ನೋಡಿದರೆ ಸಾಕು, ಖರ್ಚೂ ಬಹಳ ಕಡಿಮೆ. ನಿಮ್ಮಲ್ಲಿ ಅದು ಇಲ್ಲ ಅಂದ್ರೆ ಇಲ್ಲ, ನೀವು ಉಳಿದ ಎಲ್ಲ ಹೆಂಗಸರ ಹಾಗೆ. ಅದೇ ನೀವೇ ಮೊದಲು ಮಾಡಿಸಿ ‘ಏನೂ ಸಿಗಲಿಲ್ಲ’ ಅಂತ ಬಂತು ಅನ್ನಿ. ನಿಮಗೆ ಬಂದಿಲ್ಲ ಅಂತಲೋ, ಮನೆಯಲ್ಲಿರುವ ತಪ್ಪನ್ನು ಹಿಡಿಯಲು ಈ ಟೆಸ್ಟಿಗೆ ಆಗಲಿಲ್ಲ ಅಂತಲೋ? ಹೇಳಲು ಬರುವುದಿಲ್ಲ. ದುಡ್ಡು ಕೊಟ್ಟು ಗೊಂದಲ ತಂದುಕೊಂಡ ಹಾಗೆ ಆಗುತ್ತೆ. ಅಮ್ಮನಿಗೂ ಇದರಿಂದ ಲಾಭ ಇದೆ. ಜೀನ್ ಇದ್ದರೆ ಅವರ ಅಂಡಾಶಯದ ಬಗ್ಗೆ, ಇನ್ನೊಂದು ಎದೆಯ ಬಗ್ಗೆ ಈಗಲೇ ತೀರ್ಮಾನ ಮಾಡಬೇಕು. ಮುಂದೆ ಕಾಯಿಲೆ ಮರುಕಳಿಸಿದರೂ ಓಲಾಪರಿಬ್ ಅನ್ನುವಂಥ ಮಾತ್ರೆಗಳು ಈ ಜೀನ್ ಕೆಟ್ಟವರಿಗೇ ಕೆಲಸ ಮಾಡುವಂಥವು.

ಅಮ್ಮನ ಬಯಾಪ್ಸಿ ರಿಪೋರ್ಟ್ ಹುಡುಕಿ ಇಡಿ. ಅದರಲ್ಲಿ ಇಆರ್, ಪಿಆರ್, ಹರ್-2 ಅಂತ ಮೂರು ಸಾಲು ಇರುತ್ತೆ, ಗಡ್ಡೆಯ ತುಂಡಿನ ಮೇಲೆ ಮಾಡಿದ ಮೂರು ಪರೀಕ್ಷೆ ಅವು. ಮೂರೂ ನೆಗೆಟಿವ್ ಇದ್ದರೆ ಬಿಆರ್‌ಸಿಎ1ರ ಅನುಮಾನ ಇನ್ನೂ ಗಟ್ಟಿ. ಚಿಕ್ಕಮ್ಮನ ಫೈಲ್ ಅವರ ಗಂಡನ ಮನೆಯಲ್ಲಿ ಬೀರುವಿನೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಇನ್ನೂ ಇರಬಹುದು, ಕೇಳಲು ಸಂಕೋಚ ಬೇಡ. ಅವರ ಮಕ್ಕಳಿಗೂ ಇದು ಬೇಕಾಗುತ್ತೆ.

ಟೆಸ್ಟ್ ಅಂದ್ರೆ ಸ್ವಲ್ಪ ರಕ್ತ, ಅಷ್ಟೇ. ಮಾಮೂಲಿ ಬ್ಲಡ್ ಕೌಂಟ್‌ಗೆ ತಗೊಳ್ಳುವ ನೇರಳೆ ಮುಚ್ಚಳದ ಟ್ಯೂಬು. ಉಪವಾಸ ಇರಬೇಕಾಗಿಲ್ಲ. ದಾವಣಗೆರೆಯಲ್ಲೇ ತೆಗೆದು ಬೇರೆ ಊರಿನ ಲ್ಯಾಬಿಗೆ ಕಳಿಸಬಹುದು, ರಿಪೋರ್ಟ್ ಬರಲು ಕೆಲವು ವಾರ ಬೇಕು. ಕಳಿಸುವ ಮೊದಲು ಎರಡು ಮಾತು ಕೇಳಿ. ಬಿಆರ್‌ಸಿಎ ಎರಡರ ಜೊತೆ ಪಿಎಎಲ್‌ಬಿ2, ಟಿಪಿ53, ಸಿಎಚ್‌ಇಕೆ2, ಎಟಿಎಂ ಮುಂತಾದ ಜೀನುಗಳನ್ನೂ ನೋಡುತ್ತಾರಾ? ಜೀನಿನ ದೊಡ್ಡ ತುಂಡೇ ಕಳೆದುಹೋಗಿದ್ದರೆ ಅದನ್ನೂ ಹಿಡಿಯುತ್ತಾರಾ? ಬರೀ ಅಕ್ಷರ ಓದುವ ಟೆಸ್ಟಿನಲ್ಲಿ ಅದು ತಪ್ಪಿಹೋಗಬಹುದು. ರೇಟು ಲ್ಯಾಬಿಗೊಂದು ತರಹ, ಮೊದಲೇ ವಿಚಾರಿಸಿ. ಕೈಯಲ್ಲಿ ಆಗದಿದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೇಳಿ ನೋಡಿ.

ರಿಪೋರ್ಟ್ ಮೂರು ತರಹ ಬರಬಹುದು. ಇದೆ, ಇಲ್ಲ ಅನ್ನುವ ಎರಡು ಸುಲಭ. ಮೂರನೆಯದು ಕಷ್ಟ: ಒಂದು ಬದಲಾವಣೆ ಕಂಡಿದೆ, ಅದು ಕೆಟ್ಟದ್ದಾ ನಿರಪಾಯವಾ ಗೊತ್ತಿಲ್ಲ ಅಂತ. ಡಾಕ್ಟರುಗಳು ಇದಕ್ಕೆ ವಿಯುಎಸ್ ಅಂತಾರೆ. ಇದನ್ನು ನೋಡಿ ಆಪರೇಷನ್‌ಗೆ ಹೋದವರಿದ್ದಾರೆ, ನನಗೆ ಬಹಳ ಸಂಕಟವಾಗುವುದು ಅಂಥವರನ್ನು ಕಂಡಾಗ. ವಿಯುಎಸ್ ಬಂದರೆ ಅದರ ಮೇಲೆ ಏನೂ ಮಾಡಬೇಡಿ. ಅದು ನಮ್ಮ ಜನಕ್ಕೆ ಜಾಸ್ತಿ ಬರುತ್ತೆ, ಯಾಕಂದ್ರೆ ಇದುವರೆಗೆ ಹೆಚ್ಚಾಗಿ ಓದಿರುವುದು ಯುರೋಪ್ ಮೂಲದ ಕುಟುಂಬಗಳ ಜೀನುಗಳನ್ನು. 2021ರಲ್ಲಿ 60,000 ಎದೆ ಕ್ಯಾನ್ಸರ್ ರೋಗಿಗಳನ್ನೂ 53,000 ಆರೋಗ್ಯವಂತ ಹೆಂಗಸರನ್ನೂ ಹೋಲಿಸಿದ ದೊಡ್ಡ ಅಧ್ಯಯನ ಬಂತು. ಬಿಆರ್‌ಸಿಎ1, ಬಿಆರ್‌ಸಿಎ2, ಪಿಎಎಲ್‌ಬಿ2, ಸಿಎಚ್‌ಇಕೆ2, ಎಟಿಎಂ ಇವುಗಳ ಪಾತ್ರ ಅದರಲ್ಲಿ ಗಟ್ಟಿಯಾಯಿತು. ಅಲ್ಲೂ ಬಹುಪಾಲು ಹೆಂಗಸರು ಯುರೋಪ್ ಮೂಲದವರೇ. ನಮ್ಮಲ್ಲೂ ಕೆಲಸ ಆಗಿದೆ. ಯಹೂದಿ ಕುಟುಂಬಗಳಲ್ಲಿ ಹೆಸರಾದ 185ಡೆಲ್‌ಎಜಿ ಅನ್ನುವ ಬಿಆರ್‌ಸಿಎ1 ತಪ್ಪು ದಕ್ಷಿಣ ಭಾರತದ ಹೆಂಗಸರಲ್ಲೂ ಮತ್ತೆ ಮತ್ತೆ ಸಿಕ್ಕಿದೆ. ಇನ್ನೂ ಎಷ್ಟೋ ಆಗಬೇಕು. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆಯ ಮನೆಗಳು ಸರಿಯಾಗಿ ವಂಶಾವಳಿ ಬರೆಸಿ ಟೆಸ್ಟ್ ಮಾಡಿಸಿಕೊಂಡರೆ ಆ ‘ಗೊತ್ತಿಲ್ಲ’ಗಳು ಕಡಿಮೆಯಾಗುತ್ತವೆ.

ವಂಶಾವಳಿ ಅಂದೆ. ಹಳ್ಳಿಗೆ ಹೆಳವರು ಬಂದು ಮನೆತನದ ಹೆಸರುಗಳನ್ನು ಹೇಳುವುದನ್ನು ನೀವು ಕೇಳಿರಬಹುದು. ಅಲ್ಲಿ ಹೆಚ್ಚಾಗಿ ಹೆಸರು ಸಾಗುವುದು ಗಂಡುಮಕ್ಕಳ ದಾರಿಯಲ್ಲಿ. ನಮಗೆ ಹೊರಗೆ ಕೊಟ್ಟ ಹೆಣ್ಣುಮಕ್ಕಳೂ ಬೇಕು. ಅಜ್ಜಿಯ ಅಕ್ಕತಂಗಿಯರು ಯಾವ ಊರಿಗೆ ಹೋದರು, ಅವರ ಮಕ್ಕಳು ಹೇಗಿದ್ದಾರೆ ಅಂತ ಬರೆಯಿರಿ. ಅಪ್ಪನ ಕಡೆಯೂ ಬರೆಯಿರಿ, ಈ ಜೀನ್ ಗಂಡಸಿನಿಂದಲೂ ಅಷ್ಟೇ ಇಳಿಯುತ್ತೆ. ನಾವು ಚಿತ್ರ ಬರೆಯುವಾಗ ಗಂಡಸಿಗೆ ಚೌಕ, ಹೆಂಗಸಿಗೆ ದುಂಡು, ಕಾಯಿಲೆ ಬಂದವರಿಗೆ ಒಳಗೆ ಮಸಿ ತುಂಬುತ್ತೇವೆ, ತೀರಿಕೊಂಡವರ ಮೇಲೆ ಅಡ್ಡಗೆರೆ. ಗಂಡ ಹೆಂಡತಿಯನ್ನು ಸೇರಿಸಲು ಒಂದು ಗೆರೆ. ಇಬ್ಬರೂ ಒಂದೇ ರಕ್ತದವರಾದರೆ ಎರಡು ಗೆರೆ. ನಿಮ್ಮ ಮನೆಯ ಚಿತ್ರ ಬರೆದರೆ ಮೇಲೆ ಅಜ್ಜಿಯ ದುಂಡು, ಅದರ ಕೆಳಗೆ ಸಾಲಾಗಿ ಅಮ್ಮ, ಚಿಕ್ಕಮ್ಮ, ಮಾವ. ಅಮ್ಮನ ಕೆಳಗೆ ನೀವು. ನಿಮ್ಮಿಂದ ಎರಡು ಗೆರೆ ಮೇಲಕ್ಕೆ ಹೋಗಿ ಮಾವನನ್ನು ಸೇರುತ್ತವೆ.

ಸೋದರಿಕೆ ಮಾಡಿದ್ದಕ್ಕೇ ಕ್ಯಾನ್ಸರ್ ಬಂತು ಅನ್ನುವವರಿದ್ದಾರೆ. ಹಾಗಲ್ಲ. ಈ ಜೀನ್ ಒಂದು ಕಡೆಯಿಂದ ಬಂದರೆ ಸಾಕು, ದೂರದ ಸಂಬಂಧ ಮಾಡಿಕೊಂಡ ಮನೆಗಳಲ್ಲೂ ಹೀಗೇ ಇಳಿಯುತ್ತೆ. ಆದರೆ ನಿಮ್ಮ ಮದುವೆಯಿಂದ ಇನ್ನೊಂದು ಲೆಕ್ಕ ಶುರುವಾಗುತ್ತೆ. ಅಮ್ಮನಲ್ಲಿ ಜೀನ್ ಸಿಕ್ಕಿತು, ಅದು ಅಜ್ಜಿಯಿಂದ ಬಂದಿದ್ದು ಅಂತ ಇಟ್ಟುಕೊಳ್ಳಿ. ನಿಮಗೆ ಬಂದಿರುವ ಸಾಧ್ಯತೆ ಅರ್ಧ. ನಿಮ್ಮ ಯಜಮಾನರಿಗೆ ಅಜ್ಜಿಯಿಂದ ನೇರ ಬಂದಿರುವ ಸಾಧ್ಯತೆಯೂ ಅರ್ಧ. ಇಬ್ಬರಲ್ಲೂ ಇರುವ ಸಾಧ್ಯತೆ 4ರಲ್ಲಿ 1. ಹಾಗೇನಾದರೂ ಇದ್ದರೆ ಪ್ರತಿ ಬಸಿರಿನಲ್ಲೂ 4ರಲ್ಲಿ 1 ಪಾಲು ಮಗುವಿಗೆ ಎರಡೂ ಪ್ರತಿ ಕೆಟ್ಟದ್ದೇ ಹೋಗಬಹುದು. ಬಿಆರ್‌ಸಿಎ1 ಹಾಗಾದರೆ ಸಾಮಾನ್ಯವಾಗಿ ಬಸಿರು ನಿಲ್ಲುವುದಿಲ್ಲ. ಬಿಆರ್‌ಸಿಎ2 ಆದರೆ ಫ್ಯಾಂಕೋನಿ ಅನೀಮಿಯಾ ಅನ್ನುವ ಕಾಯಿಲೆ ಬರುತ್ತೆ, ಅಸ್ಥಿಮಜ್ಜೆ ರಕ್ತ ಮಾಡುವುದನ್ನು ಬಿಡುತ್ತಾ ಬರುತ್ತೆ, ಚಿಕ್ಕ ಮಕ್ಕಳಲ್ಲೇ ರಕ್ತದ ಕ್ಯಾನ್ಸರ್, ಮೆದುಳಿನ ಗಡ್ಡೆ ಕಾಣಿಸಬಹುದು. ಹೊರದೇಶದ ಪುಸ್ತಕಗಳಲ್ಲಿ ಇದಕ್ಕೆ ಎರಡು ಸಾಲು ಕೊಟ್ಟಿರುತ್ತಾರೆ, ಅಪರೂಪ ಅಂತ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಊರುಗಳಲ್ಲಿ ಇದನ್ನು ಪ್ರತಿ ಮನೆಯಲ್ಲೂ ಕೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ, ಕೇಳದೆ ಹೋದರೆ ಯಾರೂ ತಾವಾಗಿ ಹೇಳುವುದಿಲ್ಲ, ಯಾಕಂದ್ರೆ ಅವರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನ್ನಿಸಿರುವುದಿಲ್ಲ.

ಎರಡನೇ ಮಗುವಿನ ಯೋಚನೆ ಇದ್ದರೆ ಬಸಿರಾಗುವ ಮೊದಲೇ ಇಬ್ಬರ ರಿಪೋರ್ಟೂ ಕೈಯಲ್ಲಿರಲಿ. ಇಬ್ಬರಲ್ಲೂ ಇದ್ದರೆ 11ರಿಂದ 13ನೇ ವಾರದ ಒಳಗೆ ಮಗುವಿನ ಟೆಸ್ಟ್ ಮಾಡಲು ದಾರಿ ಇದೆ, ಕಾನೂನಿನಲ್ಲೂ ಅವಕಾಶ ಇದೆ. ಯಜಮಾನರಿಗೂ ಇದು ತಮ್ಮದೇ ಆರೋಗ್ಯದ ವಿಷಯ. ಬಿಆರ್‌ಸಿಎ2 ಇರುವ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬೇಗ ಮತ್ತು ಜೋರಾಗಿ ಬರಬಹುದು, 40 ದಾಟಿದ ಮೇಲೆ ಅದಕ್ಕೆ ಪಿಎಸ್‌ಎ ಅನ್ನುವ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಗಂಡಸರಿಗೆ ಎದೆ ಕ್ಯಾನ್ಸರೂ ಬರಬಹುದು, ಮೊಲೆತೊಟ್ಟಿನ ಕೆಳಗೆ ಗಂಟು ಕಂಡರೆ ನಾಚಿಕೆ ಪಡದೆ ತೋರಿಸಲಿ.

ನಿಮ್ಮಲ್ಲಿ ಜೀನ್ ಇದೆ ಅಂತ ಬಂದರೆ ಏನು? ಅಂಕಿ ಮುಚ್ಚಿಡುವುದಿಲ್ಲ. 80 ವರ್ಷದೊಳಗೆ ಎದೆ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ1ರಲ್ಲಿ ನೂರಕ್ಕೆ 72, ಬಿಆರ್‌ಸಿಎ2ರಲ್ಲಿ 69. ಅಂಡಾಶಯದ್ದು 44 ಮತ್ತು 17. ಪಿಎಎಲ್‌ಬಿ2 ಆದರೆ ಎದೆಯದ್ದು ಸುಮಾರು 53. ಈ ಅಂಕಿ ನೋಡಿ ರಾತ್ರಿ ನಿದ್ದೆ ಬರುವುದಿಲ್ಲ, ನಿಜ. ಆದರೆ ಚಿಕ್ಕಮ್ಮನಿಗೆ ಸಿಗದ ಒಂದು ನಿಮಗೆ ಸಿಗುತ್ತೆ, ಮೊದಲೇ ಗೊತ್ತಾಗುವುದು. ನಿಮ್ಮ ವಯಸ್ಸಿಗೆ ವರ್ಷಕ್ಕೊಂದು ಎದೆಯ ಎಂಆರ್‌ಐ, ವರ್ಷಕ್ಕೊಂದು ಮ್ಯಾಮೋಗ್ರಾಂ, ಅಂದ್ರೆ ಎದೆಯ ಎಕ್ಸ್‌ರೇ. ಎಂಆರ್‌ಐ 25ರಿಂದಲೇ ಶುರು ಮಾಡುತ್ತಾರೆ, ಮ್ಯಾಮೋಗ್ರಾಂ 30ರಿಂದ. ಎಂಆರ್‌ಐ ಮಾಡಿಸುವಾಗ ಸೆಂಟರಿನಲ್ಲಿ ಬ್ರೆಸ್ಟ್ ಕಾಯಿಲ್ (ಎದೆಯ ಚಿತ್ರ ತೆಗೆಯಲೆಂದೇ ಇರುವ ಸಾಧನ) ಇದೆಯಾ ಅಂತ ಕೇಳಿ. ಮಷೀನ್ ಇದ್ದ ಕಡೆಯೆಲ್ಲ ಅದು ಇರುವುದಿಲ್ಲ, ಅದಿಲ್ಲದೆ ತೆಗೆದ ಎಂಆರ್‌ಐ ನಮಗೆ ಉಪಯೋಗಕ್ಕೆ ಬರಲ್ಲ.

ಅಂಡಾಶಯದ ಮಾತು ಬೇರೆ. ಸ್ಕ್ಯಾನಿಂಗು, ಸಿಎ-125 ರಕ್ತ ಪರೀಕ್ಷೆ ಇವನ್ನು ನಂಬಿ ಕೂರಬೇಡಿ, ಅಂಡಾಶಯದ ಕ್ಯಾನ್ಸರ್ ಅವಕ್ಕೆ ಬೇಗ ಸಿಗುವುದಿಲ್ಲ. ಮಕ್ಕಳು ಸಾಕು ಅನ್ನಿಸಿದ ಮೇಲೆ ಅಂಡಾಶಯ ಮತ್ತು ಅಂಡನಾಳ ಎರಡನ್ನೂ ತೆಗೆಸುವುದೇ ಸರಿ. ಬಿಆರ್‌ಸಿಎ1 ಆದರೆ 35ರಿಂದ 40ರೊಳಗೆ, ಬಿಆರ್‌ಸಿಎ2 ಆದರೆ 40ರಿಂದ 45ರವರೆಗೆ ಕಾಯಬಹುದು. ಇದರಿಂದ ಅಂಡಾಶಯದ ಕ್ಯಾನ್ಸರ್ ಅಪಾಯ ನೂರಕ್ಕೆ 80ರಷ್ಟು ಇಳಿಯುತ್ತೆ. ಮುಟ್ಟು ಬೇಗ ನಿಲ್ಲುತ್ತೆ, ಬಿಸಿ ಏರುವುದು, ಮೂಳೆ ಸವೆಯುವುದು ಇರುತ್ತೆ, ಅದಕ್ಕೆ ಔಷಧಿ ಇದೆ. ಎರಡೂ ಎದೆ ತೆಗೆಸುವ ಆಪರೇಷನ್ ಬಗ್ಗೆ ನಾನು ಯಾರಿಗೂ ಹೀಗೇ ಮಾಡಿ ಅನ್ನುವುದಿಲ್ಲ. ಅದು ಅಪಾಯವನ್ನು ನೂರಕ್ಕೆ 90ಕ್ಕಿಂತ ಜಾಸ್ತಿ ಇಳಿಸುತ್ತೆ, ಆದರೆ ವರ್ಷ ತಪ್ಪದೆ ಎಂಆರ್‌ಐ ಮಾಡಿಸಿಕೊಂಡು ಇರುವುದೂ ಮರ್ಯಾದೆಯ ದಾರಿಯೇ. ಅತ್ತೆ ಮನೆಯವರಾಗಲಿ ಡಾಕ್ಟರಾಗಲಿ ಒತ್ತಾಯ ಮಾಡುವ ವಿಷಯ ಅಲ್ಲ ಅದು.

ತಂಗಿಗೆ ಹೇಳಬೇಕಾ ಅಂತ ಕೇಳಿದ್ದೀರಿ. ಹೇಳಲೇಬೇಕು. ಗಂಡಿನ ಕಡೆಯವರಿಗೆ ಹೇಳುವುದು ಬಿಡುವುದು ಆಮೇಲಿನ ಮಾತು, ಮೊದಲು ಅವಳಿಗೆ ಗೊತ್ತಿರಬೇಕು. ಎಷ್ಟೋ ಮನೆಗಳಲ್ಲಿ ಸಂಬಂಧ ತಪ್ಪಿಹೋಗುತ್ತೆ ಅಂತ ಹೆಣ್ಣುಮಗಳಿಗೇ ಹೇಳದೆ ಮದುವೆ ಮುಗಿಸುತ್ತಾರೆ. ಆಮೇಲೆ ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೆ ಬರುತ್ತಾರೆ. ಟೆಸ್ಟ್ ಮದುವೆಗೆ ಮೊದಲೇ ಆಗಬೇಕು ಅಂತೇನಿಲ್ಲ. ಮಾಡಿಸುವುದು, ಬಿಡುವುದು ಅವಳ ಇಷ್ಟ, ರಿಪೋರ್ಟೂ ಅವಳದ್ದು, ಅವಳ ಕೈಗೇ ಕೊಡುತ್ತೇವೆ. ಒಂದು ವಿಷಯಕ್ಕೆ ಮಾತ್ರ ಮೊದಲೇ ಮಾಡಿಸಿ ಅಂತೀನಿ: ಅವಳಿಗೂ ಅಮ್ಮನ ಕಡೆಯೇ ಗಂಡು ನೋಡುತ್ತಿದ್ದರೆ, ಇನ್ನೊಬ್ಬ ಮಾವನೋ, ಮಾವನ ಮಗನೋ ಆಗಿದ್ದರೆ, ಮಾತುಕತೆ ಮುಂದುವರಿಯುವ ಮೊದಲು ಅಮ್ಮನ ರಿಪೋರ್ಟ್ ಬಂದಿರಲಿ. ಮದುವೆಯಾಗುವ ಹುಡುಗನಿಗೆ ನಿಶ್ಚಯದ ಮೊದಲು ಅವಳೇ ಹೇಳುವುದು ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ. ಊರಿಗೆಲ್ಲ ಹೇಳಬೇಕಾಗಿಲ್ಲ.

ಮಗಳಿಗೆ ಈಗ ಟೆಸ್ಟ್ ಬೇಡ. 6 ವರ್ಷದ ಮಗುವಿನಲ್ಲಿ ಬಿಆರ್‌ಸಿಎ ತಪ್ಪು ಇದೆ ಅಂತ ಗೊತ್ತಾದರೂ ಈಗ ಮಾಡುವಂಥದ್ದು ಏನೂ ಇಲ್ಲ, ತಪಾಸಣೆ ಶುರುವಾಗುವುದೇ 25ಕ್ಕೆ. 18 ತುಂಬಿದ ಮೇಲೆ ಅವಳೇ ತೀರ್ಮಾನ ಮಾಡಲಿ. ಇದಕ್ಕೆ ವಿನಾಯಿತಿ ಇದೆ. ನಿಮ್ಮಲ್ಲಿ ಟಿಪಿ53 ಜೀನಿನ ತಪ್ಪು ಬಂದರೆ ಚಿಕ್ಕ ಮಕ್ಕಳಿಗೂ ಟೆಸ್ಟ್ ಬೇಕಾಗಬಹುದು, ಡಾಕ್ಟರನ್ನು ಕೇಳಿ. ನಿಮ್ಮಿಬ್ಬರ ರಿಪೋರ್ಟಿನಲ್ಲೂ ಬಿಆರ್‌ಸಿಎ ಅಥವಾ ಪಿಎಎಲ್‌ಬಿ2 ಜೀನಿನ ಅದೇ ತಪ್ಪು ಬಂದರೆ ಮಗಳನ್ನು ಮಕ್ಕಳ ಜೆನೆಟಿಕ್ಸ್ ಡಾಕ್ಟರ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ. ಎತ್ತರ, ಹೆಬ್ಬೆರಳು, ಚರ್ಮದ ಮೇಲಿನ ಕಾಫಿ ಬಣ್ಣದ ಮಚ್ಚೆ, ಬ್ಲಡ್ ಕೌಂಟ್ ಇಷ್ಟು ನೋಡುತ್ತಾರೆ, ಫ್ಯಾಂಕೋನಿಯ ಅನುಮಾನ ಬಂದರೆ ಅದಕ್ಕೆಂದೇ ಬೇರೆ ರಕ್ತ ಪರೀಕ್ಷೆ ಇದೆ. ಈವರೆಗೆ ಚೆನ್ನಾಗಿ ಬೆಳೆದು ಸ್ಕೂಲಿಗೆ ಹೋಗುತ್ತಿರುವ ಮಗುವಿನಲ್ಲಿ ಎರಡೂ ಪ್ರತಿ ಕೆಟ್ಟಿರುವ ಸಾಧ್ಯತೆ ಬಹಳ ಕಡಿಮೆ.